ಬಿಸ್ಕತ್ತಿನ ಮನೆಯೊಳಗಿನ ನೆರೈಡಾ

ಹತ್ತೊಂಬತ್ತು ಕ್ರಿಸ್‌ಮಸ್ ಬೆಳಿಗ್ಗೆ ನೆರೈಡಾ ಕೊಲ್ಯಾಸೊ ಟಿ.ವಿ.ಯಲ್ಲಿ ಬಂದಳು, ಒಂದು ಸಲವೂ ಯಾರ ಕಣ್ಣಿಗೂ ಬೀಳಲಿಲ್ಲ. ಅವಳ ಕೆಲಸವೇ ಅಂಥದು. ಸ್ಟಾರ್‌ಲೇಕ್ ಪಾರ್ಕಿನ ಹಬ್ಬದ ಮೆರವಣಿಗೆಯಲ್ಲಿ ಶುಂಠಿ ಬಿಸ್ಕತ್ತಿನ ಮನೆ ಅಂತ ಒಂದು ಬಂಡಿ ಬರುತ್ತದೆ. ಎರಡು ಆಳೆತ್ತರ, ಸೂರಿಗೆಲ್ಲ ಸಕ್ಕರೆ ಪಾಕ ಇಳಿದಂಥ ಬಿಳಿ ಬಣ್ಣ, ಕಿಟಕಿಗಳಲ್ಲಿ ಕುಣಿಯುವ ನಾಲ್ಕು ಹುಡುಗಿಯರು. ಆ ಮನೆಯ ಬಾಗಿಲ ಕೆಳಗೆ, ಹೊರಗಿನವರಿಗೆ ಮೆಟ್ಟಿಲಿನ ಹಾಗೆ ಕಾಣುವ ಗೂಡಿನೊಳಗೆ ಮುದುಡಿ ಕೂತು ಅದನ್ನು ಓಡಿಸುತ್ತಿದ್ದವಳು ಇವಳು. ಮುಖದ ಮುಂದೆ ಗೇಣಗಲದ ಕಪ್ಪು ಜಾಲರಿ. ಜಾಲರಿಯಾಚೆ ರಸ್ತೆ, ರಸ್ತೆಯ ಮೇಲೆ ಬೆರಳಗಲದ ಬಿಳಿ ಗೆರೆ. ಗೆರೆ ನಡುವಿಗೆ ಸರಿಯಾಗಿ ಇದ್ದರೆ ಬಂಡಿ ದಾರಿಯಲ್ಲಿದೆ ಎಂದರ್ಥ. ರಸ್ತೆಯ ಎರಡೂ ಅಂಚಿನಲ್ಲಿ ಕಾಲು ಚಾಚಿ ಕೂತ ಮಕ್ಕಳು. ಬಂಡಿಯ ತೂಕ ಐದು ಟನ್.

ಪೋರ್ಟೊರಿಕೊ ದ್ವೀಪದ ಉಟುವಾಡೊ ಎಂಬ ಬೆಟ್ಟದ ಊರಿಂದ ಗಂಡ ಎವಾರಿಸ್ಟೊ, ಮಗಳು ಇವೆಟ್ ಜೊತೆ ಫ್ಲಾರಿಡಾದ ಕಿಸಿಮಿಗೆ ಬಂದಾಗ ಅವಳಿಗೆ ನಲವತ್ತು. ಮೂರು ವರ್ಷ ಪಾರ್ಕಿನಲ್ಲಿ ಪಾಪ್‌ಕಾರ್ನ್ ಮಾರಿದಳು. 1984ರ ಕ್ರಿಸ್‌ಮಸ್ಸಿಗೆ ಟಿ.ವಿ.ಯವರು ಮೊದಲ ಸಲ ಮೆರವಣಿಗೆ ತೋರಿಸಲು ಬಂದರು. ನೇರ ಪ್ರಸಾರ, ಇಡೀ ದೇಶ ನೋಡುತ್ತದೆ ಎಂದು ಎಲ್ಲರಿಗೂ ಮೈಯೆಲ್ಲ ಜ್ವರ. ಬಿಸ್ಕತ್ತಿನ ಮನೆಯ ಡ್ರೈವರಿಗಂತೂ ನಿಜವಾದ ಜ್ವರವೇ ಬಂತು. ಮೇಲ್ವಿಚಾರಕ ಪಾಪ್‌ಕಾರ್ನ್ ಗಾಡಿಗಳ ಹತ್ತಿರ ಓಡಿಬಂದು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮಲ್ಲಿ ಯಾರು ಎಲ್ಲರಿಗಿಂತ ಕುಳ್ಳಗಿದ್ದೀರಿ?" ಗೂಡಿನಲ್ಲಿ ಉದ್ದ ಕಾಲಿನವರು ಹಿಡಿಸುವುದಿಲ್ಲ. ಎಲ್ಲರ ಬೆರಳೂ ನೆರೈಡಾಳ ಕಡೆ ತಿರುಗಿತು. ಸಂದರ್ಶನ ಮುಗಿಯಿತು.

ಆ ಬೆಳಿಗ್ಗೆ ಉಟುವಾಡೊದಲ್ಲಿ ಅವಳ ತಾಯಿ ಅಕ್ಕಪಕ್ಕದವರನ್ನೆಲ್ಲ ಟಿ.ವಿ. ಮುಂದೆ ಕೂರಿಸಿದ್ದಳು. ಮೆರವಣಿಗೆ ಮುಗಿದದ್ದೇ ಫೋನು.

"ನೀನೆಲ್ಲಿದ್ಯೇ? ಕಣ್ಣು ನೋವು ಬರೋ ತನಕ ಹುಡುಕ್ದೆ."

"ಬಿಸ್ಕತ್ತಿನ ಮನೆ ಒಳಗಿದ್ದೆ ಅಮ್ಮಾ."

"ಅಯ್ಯೋ, ಅದ್ಯಾವ ಕರ್ಮಕ್ಕೆ ಒಳಗೆ ಹೋದೆ? ಮೇಲೆ ಕುಣೀತಿದ್ರಲ್ಲ ಅವ್ರ ಜೊತೆ ನಿಂತ್ಕೋಬಾರ್ದಿತ್ತಾ!"

ಆದರೂ ಮುದುಕಿ ಸಾಯುವವರೆಗೆ ಊರಿಗೆಲ್ಲ ಹೇಳಿಕೊಂಡು ತಿರುಗಿದಳು: ಆ ಮನೆ ನಡೆಯೋದು ನನ್ನ ಮಗಳಿಂದ.

ಮೊದಲ ಆರು ವರ್ಷ ಪ್ರಸಾರ ನೇರವಾಗಿತ್ತು. 1989ರಲ್ಲಿ ಫ್ಲಾರಿಡಾ ಕಂಡು ಕೇಳರಿಯದ ಚಳಿ ಬಂತು. ತುತ್ತೂರಿಯವರ ತುಟಿ ತುತ್ತೂರಿಗೆ ಅಂಟಿತು, ಕುಣಿಯುವವರ ತೊಡೆ ನೀಲಿಗಟ್ಟಿತು, ಅದೆಲ್ಲ ಹಾಗೇ ದೇಶದ ಮನೆಮನೆಯಲ್ಲಿ ಕಂಡಿತು. ಮರುವರ್ಷದಿಂದ ಟಿ.ವಿ.ಯವರು ಜಾಣರಾದರು. ಡಿಸೆಂಬರಿನ ಮೊದಲ ಶನಿವಾರವೇ ಚಿತ್ರೀಕರಿಸಿಕೊಂಡು ಇಪ್ಪತ್ತೈದಕ್ಕೆ ಹಾಕತೊಡಗಿದರು. ನೌಕರರು ಅದಕ್ಕೆ ಸುಳ್ಳು ಕ್ರಿಸ್‌ಮಸ್ ಎಂದು ಹೆಸರಿಟ್ಟರು. ಅವತ್ತು ನಸುಕಿಗೇ ನೌಕರರ ಮನೆಮಂದಿಯೆಲ್ಲ ಬಂದು ರಸ್ತೆ ಅಂಚು ತುಂಬಬೇಕು. ಬೆವರು ಹರಿಯುತ್ತಿದ್ದರೂ ಸ್ವೆಟರು, ಉಣ್ಣೆ ಟೋಪಿ ಹಾಕಿರಬೇಕು. ಹೇಳಿದಾಗ ನಗಬೇಕು, ಹೇಳಿದಾಗ ಚಪ್ಪಾಳೆ ತಟ್ಟಬೇಕು. ಮಾಳಿಗೆಗಳ ಮೇಲಿಂದ ಯಂತ್ರಗಳು ಸೋಪಿನ ನೊರೆಯನ್ನು ಹಿಮ ಎಂದು ಸುರಿಸುತ್ತವೆ. ಒಂದೇ ಬಂಡಿ ಒಂದೇ ರಸ್ತೆಯಲ್ಲಿ ನಾಲ್ಕು ಸಲ ಬರುತ್ತದೆ.

ಇಷ್ಟು ವರ್ಷ ನೆರೈಡಾ ಒಂದು ಹೂಕುಂಡಕ್ಕೂ ಬಂಡಿ ತಾಗಿಸಿರಲಿಲ್ಲ.

2002ರ ಆಗಸ್ಟಿನಲ್ಲಿ, ದಿನದ ಮೂರು ಗಂಟೆಯ ಮಾಮೂಲಿ ಮೆರವಣಿಗೆಯಲ್ಲಿ, ಐಸ್‌ಕ್ರೀಮ್ ಅಂಗಡಿಯ ಮುಂದೆ ಗೆರೆ ಬಾಗಿತು. ಆ ಜಾಗದಲ್ಲಿ ರಸ್ತೆ ನೆಟ್ಟಗಿದೆ. ಹದಿನೆಂಟು ವರ್ಷದಿಂದ ನೆಟ್ಟಗಿದೆ. ಆದರೆ ಗೆರೆ ಜಾಲರಿಯ ನಡುವಿಗೆ ಬಂದದ್ದೇ ಹಾವಿನ ಹಾಗೆ ಹೊರಳಿತು, ಅವಳ ಕೈಯೂ ಅದರ ಹಿಂದೆ ಹೊರಳಿತು. ಹೊರಗೆ ಬಂಡಿಯ ಪಕ್ಕ ಆಟಿಕೆ ಸಿಪಾಯಿಯ ವೇಷದಲ್ಲಿ ಎಫ್ರೈನ್ ನಡೆಯುತ್ತಿದ್ದ. ಊರ ಕಡೆಯವನೇ, ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು. ಡ್ರೈವರಿಗೆ ಕಾಣದ್ದನ್ನು ನೋಡಿ ಬಂಡಿಯ ಬದಿಗೆ ಬಡಿದು ತಿಳಿಸುವುದು ಅವನ ಕೆಲಸ. ಬಡಿದ. ನೆರೈಡಾ ಸರಿಮಾಡಿಕೊಂಡಳು.

"ಏನೇ ಕುಳ್ಳಿ, ಒಳಗೆ ನಿದ್ದೆ ಹೊಡೀತಿದ್ಯಾ?" ಎಂದ ಆಮೇಲೆ.

"ನಿನ್ನ ಮೀಸೆ ನೋಡಿ ಬಂಡಿನೇ ಬೆದರ್ತು ಕಣೋ ಸಿಪಾಯಿ."

ನಕ್ಕಳು. ಮನೆಗೆ ಬಂದು ಒಂದೊಂದೇ ಕಣ್ಣು ಮುಚ್ಚಿ ಬಾಗಿಲ ಚೌಕಟ್ಟು ನೋಡಿದಳು. ಎಡಗಣ್ಣಿಗೆ ಚೌಕಟ್ಟು ನೆಟ್ಟಗಿತ್ತು. ಬಲಗಣ್ಣಿಗೆ ಯಾರೋ ಬೆಂಕಿಗೆ ಹಿಡಿದು ಬಗ್ಗಿಸಿದ ಹಾಗಿತ್ತು.

ಬಜಾರಿನ ಕನ್ನಡಕದಂಗಡಿಯ ಡಾಕ್ಟರಮ್ಮ ಅವಳ ಕೈಗೆ ಒಂದು ಕಾರ್ಡು ಕೊಟ್ಟಳು. ಲೆಕ್ಕದ ಪುಸ್ತಕದ ಹಾಳೆಯ ಹಾಗೆ ಅದರ ತುಂಬ ಚೌಕ ಚೌಕದ ಗೆರೆ, ನಡುವೆ ಒಂದು ಚುಕ್ಕೆ.

"ಚುಕ್ಕೆ ನೋಡ್ತಾ ಹೇಳಿ. ಗೆರೆಗಳು ಹೇಗಿವೆ?"

"ನಡುವಲ್ಲಿ ಯಾರೋ ಬೆರಳು ಹಾಕಿ ಜಗ್ಗಿದ ಹಾಗಿದೆ."

ಡಾಕ್ಟರಮ್ಮನ ಮುಖ ಗಂಭೀರವಾಯಿತು. "ಕಣ್ಣಿನ ಹಿಂದಿನ ಪರದೆ ಕೆಡ್ತಾ ಇರೋ ಹಾಗಿದೆ, ಈ ವಾರನೇ ದೊಡ್ಡಾಸ್ಪತ್ರೆಗೆ ಹೋಗಿ. ತಡ ಮಾಡಿದ್ರೆ ಇನ್ನೊಂದು ಕಣ್ಣಿಗೂ ಬರಬಹುದು. ಕಾರು ಓಡಿಸ್ತೀರಾ?"

"ಕಾರಾ? ಇಲ್ಲಪ್ಪ," ಎಂದಳು ನೆರೈಡಾ. ಸುಳ್ಳೇನಲ್ಲ. ಅವಳು ಕೆಲಸಕ್ಕೆ ಹೋಗುತ್ತಿದ್ದುದು ಎಫ್ರೈನನ ಕಾರಿನಲ್ಲಿ. ಅವಳು ಓಡಿಸುತ್ತಿದ್ದುದು ಮನೆಯನ್ನು.

ಆಸ್ಪತ್ರೆಗೆ ಹೋಗಲಿಲ್ಲ. ಯಾಕೆಂದರೆ ಎವಾರಿಸ್ಟೊನ ಎರಡೂ ಮೂತ್ರಪಿಂಡ ಕೆಟ್ಟು ಮೂರು ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಅವನ ರಕ್ತವನ್ನು ಯಂತ್ರ ತೊಳೆಯಬೇಕು, ಆ ಯಂತ್ರ ತಿರುಗುತ್ತಿದ್ದುದು ಇವಳ ನೌಕರಿಯ ವಿಮೆಯಿಂದ. ತಾನು ಆಸ್ಪತ್ರೆಗೆ ಹೋದರೆ ವಿಮೆಯವರಿಗೆ ತಿಳಿಯುತ್ತದೆ, ಅವರಿಂದ ಪಾರ್ಕಿನವರಿಗೆ ತಿಳಿಯುತ್ತದೆ, ಅರವತ್ತೊಂದರ ಮುದುಕಿಯನ್ನು ಬಂಡಿಯಿಂದ ಇಳಿಸಿ ವಾರಕ್ಕೆರಡು ದಿನ ಟಿಕೆಟ್ ಹರಿಯಲು ಹಾಕುತ್ತಾರೆ, ಅರೆ ಕೆಲಸಕ್ಕೆ ವಿಮೆಯಿಲ್ಲ. ಇದು ಅವಳ ತರ್ಕ. ಎಷ್ಟು ಸರಿ ಎಂದು ಯಾರನ್ನಾದರೂ ಕೇಳಬಹುದಿತ್ತು. ಹೆದರಿದವರು ಕೇಳುವುದಿಲ್ಲ, ಬಚ್ಚಿಡುತ್ತಾರೆ. ಕಾರ್ಡನ್ನು ಅಡುಗೆಮನೆಯ ಕಾಫಿ ಡಬ್ಬಿಯ ಹಿಂದೆ ಇಟ್ಟಳು.

ಬಲಗಣ್ಣು ಮುಚ್ಚಿಕೊಂಡು ಓಡಿಸುವುದನ್ನು ಕಲಿತಳು. ನವೆಂಬರಿನಲ್ಲಿ ಎಡಗಣ್ಣಿನ ಗೆರೆಯೂ ಅಲುಗಿದಾಗ ಕಿವಿಯಿಂದ ಓಡಿಸುವುದನ್ನು ಕಲಿತಳು. ಮೆರವಣಿಗೆಯ ಹಾಡು ದಿನಾ ಒಂದೇ, ವೇಗ ಒಂದೇ. ಮೂರನೆಯ ಗಂಟೆ ಸದ್ದಿಗೆ ಗಡಿಯಾರದ ಅಂಗಡಿ. ಮಕ್ಕಳ ಗುಂಪು ಹಾಡಲು ಶುರುಮಾಡಿದರೆ ಅಂಚೆಮನೆ. ತಮಟೆ ನಿಂತು ಮತ್ತೆ ಎದ್ದ ಕೂಡಲೇ ಬಲಕ್ಕೆ ತಿರುವು. ಗೆರೆ ಎಷ್ಟಾದರೂ ಕುಣಿಯಲಿ, ಹಾಡು ಸುಳ್ಳು ಹೇಳುತ್ತಿರಲಿಲ್ಲ. ಹೀಗೆ ನಂಬಿಕೊಂಡು ದಿನಾ ಮಧ್ಯಾಹ್ನ ಮಕ್ಕಳ ಕಾಲುಗಳ ನಡುವೆ ಐದು ಟನ್ ನಡೆಸಿದಳು.

ಆದರೆ ಸುಳ್ಳು ಕ್ರಿಸ್‌ಮಸ್ಸಿನ ದಿನ ಹಾಡು ಮೊದಲಿಂದ ಕೊನೆಗೆ ಹೋಗುವುದಿಲ್ಲ. ಅಲ್ಲಲ್ಲಿ ನಿಲ್ಲಿಸುತ್ತಾರೆ, ಎಲ್ಲೆಂದರಲ್ಲಿಂದ ಎತ್ತುತ್ತಾರೆ. ಹನ್ನೆರಡು ವರ್ಷದಿಂದ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ಅದು ಅವಳ ತಲೆಗೆ ಹೊಳೆಯಲಿಲ್ಲ. ಕಣ್ಣಿದ್ದ ಕಾಲದಲ್ಲಿ ಅದರಿಂದ ಅವಳಿಗೇನೂ ಆಗಬೇಕಾದ್ದಿರಲಿಲ್ಲ.

ಆ ಶನಿವಾರ ಇವೆಟ್ ಏಳು ವರ್ಷದ ಮಗಳು ಯಾರಿತ್ಸಾಳನ್ನು ಕರೆದುಕೊಂಡು ಬಂದಿದ್ದಳು. ಮಗುವಿನ ತಲೆಯ ಮೇಲೆ ಕೆಂಪು ಉಣ್ಣೆ ಟೋಪಿ, ಮೂಗಿನ ಮೇಲೆ ಬೆವರು.

"ನೀವಿಬ್ರೂ ಬ್ಯಾಂಡ್ ಕಟ್ಟೆ ಹತ್ರ ನಿಂತ್ಕೊಳ್ಳಿ," ಎಂದು ಅಜ್ಜಿ ಹೇಳಿದ್ದಳು. ಬ್ಯಾಂಡ್ ಕಟ್ಟೆಯ ಹತ್ತಿರ ರಸ್ತೆ ಅಗಲ. ಹೇಳುವಾಗ ಯಾಕೆ ಹೇಳುತ್ತಿದ್ದೇನೆಂದು ತನ್ನೊಳಗೂ ಒಪ್ಪಿಕೊಳ್ಳಲಿಲ್ಲ.

ಮೊದಲೆರಡು ಸುತ್ತು ಹೇಗೋ ಆಯಿತು. ಮೂರನೆಯದರ ಹೊತ್ತಿಗೆ ನೊರೆ ಕಾಲ್ಬೆರಳು ಮುಳುಗುವಷ್ಟು ಬಿದ್ದು ಗೆರೆಯೇ ಮಾಯವಾಗಿತ್ತು. ಧ್ವನಿವರ್ಧಕದಲ್ಲಿ ನಿರ್ದೇಶಕ ಕೂಗುತ್ತಿದ್ದ: "ಸಂತೋಷ ಸಾಲದು! ಇನ್ನೂ ಸಂತೋಷ ಬೇಕು! ಇವತ್ತು ಕ್ರಿಸ್‌ಮಸ್!" ಅವತ್ತು ತಾರೀಕು ಏಳು. ಹಾಡನ್ನು ನಡುವಿಂದ ಎತ್ತಿದರು. ಕತ್ತಲ ಗೂಡಿನಲ್ಲಿ ನೆರೈಡಾ ಕಿವಿಯಾಗಿ ಕೂತಿದ್ದಳು. ತಮಟೆ ನಿಂತಿತು. ಮತ್ತೆ ಎದ್ದಿತು. ಅವಳ ಕೈ ತಾನಾಗಿ ಬಲಕ್ಕೆ ತಿರುಗಿಸಿತು.

ತಿರುವು ಇನ್ನೂ ಮೂವತ್ತು ಹೆಜ್ಜೆ ದೂರವಿತ್ತು.

ಬದಿಗೆ ಬಡಿತ ಶುರುವಾಯಿತು. ಒಂದಲ್ಲ, ಎರಡಲ್ಲ, ಎರಡೂ ಮುಷ್ಟಿಯಿಂದ ಬಾಗಿಲು ಒಡೆಯುವವರ ಹಾಗೆ. ನೆರೈಡಾ ಬ್ರೇಕಿನ ಮೇಲೆ ನಿಂತೇಬಿಟ್ಟಳು. ನೊರೆಯಲ್ಲಿ ಬಂಡಿ ಜಾರಿತು, ಏನಕ್ಕೋ ತಾಗಿತು, ಧಡ್ ಎಂದು ನಿಂತಿತು. ಜಾಲರಿಯಾಚೆ ಎಲ್ಲ ಬಿಳಿ. ಆ ಬಿಳಿಯ ನಡುವೆ, ಕಣ್ಣಿನ ಅಂಚಿನಲ್ಲಿ, ಕೆಂಪಗೆ ಏನೋ ಮಿಂಚಿ ಹೋಯಿತು. ಆಮೇಲೆ ಚಪ್ಪಾಳೆ ಬಂತು. ಯಾರೂ ಕಿರುಚಲಿಲ್ಲ. ಅವಳು ಕಿರುಚಾಟಕ್ಕೆ ಕಾದಳು, ಬರಲಿಲ್ಲ.

ಜಾಲರಿಗೆ ಬಾಯಿಟ್ಟು ಎಫ್ರೈನ್ ಹೇಳಿದ: "ಏನಿಲ್ಲ. ಅಂಚಿನ ಕಲ್ಲಿಗೆ ತಾಗ್ತು ಅಷ್ಟೆ. ಹಿಂದಕ್ಕೆ ತಗೋ. ನಿಧಾನ." ಕುಳ್ಳಿ ಎನ್ನಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

ಕಾರಿನಲ್ಲಿ ಮನೆಗೆ ಹೋಗುವಾಗ ಕೇಳಿದಳು: "ಅಲ್ಲಿ ಯಾರಾದ್ರೂ ಇದ್ರೇನೋ?"

"ಮೆರವಣಿಗೇಲಿ ಜನ ಇರ್ದೆ ಕಾಗೆ ಇರುತ್ತಾ?" ಎಂದ ರಸ್ತೆ ನೋಡುತ್ತಲೇ. ಆಮೇಲೆ, "ನಿನಗೇನಾಗಿತ್ತು?"

"ನೊರೆ ಬಿದ್ದಿತ್ತು. ಗೆರೆ ಕಾಣಲಿಲ್ಲ."

"ಹೌದು. ನೊರೆ," ಎಂದ. ಇಬ್ಬರೂ ಆ ನೊರೆಯನ್ನೇ ಹಿಡಿದುಕೊಂಡರು.

ಅಲ್ಲಿಂದ ಹದಿನೆಂಟು ದಿನ. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಗಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಮಾಳಿಗೆಗಳ ಮೇಲೆ ಆರು ಕ್ಯಾಮೆರಾ ಇದ್ದವು. ಅವುಗಳಲ್ಲಿ ಯಾವುದಾದರೂ ಒಂದು ನೋಡಿಯೇ ಇರುತ್ತದೆ. ಕ್ರಿಸ್‌ಮಸ್ ಬೆಳಿಗ್ಗೆ ಇಡೀ ದೇಶದ ಮುಂದೆ ಬಿಸ್ಕತ್ತಿನ ಮನೆ ದಾರಿ ತಪ್ಪಿ ಮಕ್ಕಳ ಮೇಲೆ ಹೋಗುವುದನ್ನು ತೋರಿಸುತ್ತಾರೆ. ಮೇಲ್ವಿಚಾರಕಿ ಒಂದು ದಿನ ಆಫೀಸಿಗೆ ಕರೆದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನೆರೈಡಾ ಕುರ್ಚಿಯಲ್ಲಿ ಕೂರುವ ಮೊದಲೇ, "ಅವತ್ತು ನೊರೆ ಬಹಳ ಇತ್ತು," ಎಂದುಬಿಟ್ಟಳು.

"ಯಾವತ್ತು?" ಎಂದಳು ಮೇಲ್ವಿಚಾರಕಿ. "ನಾನು ಕರೆದದ್ದು ಕ್ರಿಸ್‌ಮಸ್ ದಿನ ಮಧ್ಯಾಹ್ನ ಮೂರರ ಮೆರವಣಿಗೆಗೆ ನೀವು ಬರ್ತೀರಾ ಅಂತ ಕೇಳೋಕೆ. ನಿಮ್ಮಷ್ಟು ನಂಬಿಕೆಯವರು ಬೇರೆ ಯಾರಿದಾರೆ?"

ಬರುತ್ತೇನೆ ಎಂದಳು. ಬೇರೇನು ಹೇಳುವುದು?

ಅವಳನ್ನು ಎಲ್ಲಕ್ಕಿಂತ ಹೆಚ್ಚು ನಡುಗಿಸಿದ್ದು ಮೊಮ್ಮಗಳ ಫೋನು. "ಅಜ್ಜೀ, ನಮ್ಮಿಬ್ರ ಗುಟ್ಟು ಟಿ.ವಿ.ನಲ್ಲಿ ಬರುತ್ತಲ್ವಾ? ನಾನು ಯಾರಿಗೂ ಹೇಳಿಲ್ಲ. ಅಮ್ಮಂಗೂ ಹೇಳಿಲ್ಲ."

ಯಾವ ಗುಟ್ಟು ಎಂದು ನೆರೈಡಾ ಕೇಳಲಿಲ್ಲ. "ಜಾಣಮರಿ," ಎಂದು ಫೋನಿಟ್ಟಳು. ಇಟ್ಟ ಮೇಲೆ ಆ ಕೆಂಪು ಮಿಂಚು ನೆನಪಾಯಿತು. ಊರಿನಲ್ಲಿ ಕೆಂಪು ಟೋಪಿ ಸಾವಿರ ಇರುತ್ತವೆ ಎಂದುಕೊಂಡಳು. ಹಾಗೆಂದುಕೊಂಡೇ ದಿನಾ ಮೂರು ಗಂಟೆಗೆ ಗೂಡಿನೊಳಗೆ ಇಳಿದಳು. ಬಂಡಿ ಆಮೆಯಂತೆ ಹೋಗುತ್ತಿತ್ತು. ಎಫ್ರೈನ್ ಪಕ್ಕ ಬಿಟ್ಟು ಬಂಡಿಯ ಮುಂದೆಯೇ ನಡೆಯತೊಡಗಿದ್ದ.

ಕ್ರಿಸ್‌ಮಸ್ ಬೆಳಿಗ್ಗೆ ಮನೆಯೆಲ್ಲ ಬಾಳೆಎಲೆ ಬೆಂದ ವಾಸನೆ. ಹಿಂದಿನ ದಿನವೇ ಎಲೆಯಲ್ಲಿ ಕಟ್ಟಿಟ್ಟ ಪಾಸ್ತೇಲೆಸ್ ಕಡುಬು ಹಬೆಯಲ್ಲಿತ್ತು, ಹಂದಿಯ ಹೆಗಲು ಒಲೆಯಲ್ಲಿತ್ತು. ಎವಾರಿಸ್ಟೊ ತನ್ನ ಕುರ್ಚಿಯಲ್ಲಿ, ಇವೆಟ್ ನೆಲದ ಮೇಲೆ, ಯಾರಿತ್ಸಾ ಟಿ.ವಿ.ಗೆ ಮೂಗು ತಾಗಿಸಿಕೊಂಡು. ನೆರೈಡಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು, ಬೇಕೆಂದರೆ ಒಳಗೆ ಓಡಿಹೋಗಲು.

"ಬಾರೇ ಮುದುಕಿ, ನಿನ್ನ ಸವಾರಿ ಬರ್ತಿದೆ!" ಎಂದು ಎವಾರಿಸ್ಟೊ ಕೂಗಿದ.

ಹದಿನೆಂಟು ದಿನ ಯಾವುದನ್ನು ನೋಡಬೇಕಾಗುತ್ತದೆ ಎಂದು ಸತ್ತು ಸತ್ತು ಬದುಕಿದ್ದಳೋ, ಅದನ್ನು ನೋಡಲು ಅವಳಿಂದ ಆಗಲಿಲ್ಲ. ನೆಟ್ಟಗೆ ನೋಡಿದರೆ ಟಿ.ವಿ.ಯ ನಡುವೆ ಬೂದು ಕಲೆ, ಸುತ್ತ ಬಣ್ಣ. ಬಿಸ್ಕತ್ತಿನ ಮನೆ ಆ ಕಲೆಯೊಳಗೆ ಹೋಯಿತು. ಅವಳು ಮನೆಯವರ ಬೆನ್ನುಗಳನ್ನು ನೋಡಿದಳು. ಟಿ.ವಿ.ಯ ನಿರೂಪಕಿಯ ದನಿ ಕೇಳಿಸಿತು: "ನೋಡಿ ನೋಡಿ, ಮನೆಯೇ ಬಂದು ಮಕ್ಕಳನ್ನು ಮಾತಾಡಿಸುತ್ತಿದೆ! ಎಷ್ಟು ಮುದ್ದಾಗಿದೆ!"

"ನಾನೇ! ಅದು ನಾನೇ!" ಯಾರಿತ್ಸಾ ಕುಣಿದಳು. "ಅಜ್ಜಿ ನನ್ನ ನೋಡಿ ಬೇಕಂತಾನೇ ನನ್ನ ಹತ್ರ ಬಂದ್ಲು! ಇದೇ ಗುಟ್ಟು!"

"ನೀನು ಬ್ಯಾಂಡ್ ಕಟ್ಟೆ ಹತ್ರ ಇರ್ಲಿಲ್ವೇನೇ?" ಎಂದಳು ಇವೆಟ್.

"ನೀನು ನೀರು ತರೋಕೆ ಹೋದಾಗ ನಾನು ಮುಂದೆ ಓಡಿ ಹೋಗಿದ್ದೆ. ಅಲ್ಲಿ ಕೂತ್ಕೊಳ್ಳೋಕೆ ಜಾಗ ಇತ್ತು."

ಇವೆಟ್ ನಕ್ಕು ಚಪ್ಪಾಳೆ ತಟ್ಟಿದಳು. ಎವಾರಿಸ್ಟೊ ತಟ್ಟಲಿಲ್ಲ. ಅವನು ಊರಿನಲ್ಲಿ ಮೂವತ್ತು ವರ್ಷ ಕಬ್ಬಿನ ಲಾರಿ ಓಡಿಸಿದವನು. ಜಾರಿದ ಗಾಡಿ ಯಾವುದು, ತಿರುಗಿಸಿದ ಗಾಡಿ ಯಾವುದು ಅವನಿಗೆ ಗೊತ್ತು. ತಿರುಗಿ ಹೆಂಡತಿಯನ್ನು ನೋಡಿದ.

ನೆರೈಡಾ ಬಂದು ಮಗುವಿನ ಮುಂದೆ ಮಂಡಿಯೂರಿದಳು. "ನಾನು ಎಷ್ಟು ಹತ್ರ ಬಂದೆ ಪುಟ್ಟಾ?"

ಯಾರಿತ್ಸಾ ತನ್ನ ಮೊಣಕಾಲು ಮಡಚಿ ಅದರ ಮುಂದೆ ಎರಡು ಬೆರಳು ಇಟ್ಟಳು. "ಇಷ್ಟು. ಸಿಪಾಯಿ ಮಾಮ ನನ್ನ ಎತ್ತಿ ಹಿಂದೆ ಇಟ್ಟ. ಅವನಿಗೆ ನಮ್ಮ ಗುಟ್ಟು ಗೊತ್ತಿರ್ಲಿಲ್ಲ, ಪಾಪ. ಮುಂದಿನ ವರ್ಷನೂ ನಾನು ಅಲ್ಲೇ ಕೂತಿರ್ತೀನಿ ಅಜ್ಜಿ. ಇವತ್ತೂ ಕೂತ್ಕೊಳ್ಲಾ? ಮೂರು ಗಂಟೆಗೆ?"

ನೆರೈಡಾ ಆ ಎರಡು ಬೆರಳನ್ನು ಹಿಡಿದುಕೊಂಡಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಕಾಫಿ ಡಬ್ಬಿಯ ಹಿಂದಿನ ಕಾರ್ಡು ತಂದು ಗಂಡನ ಕೈಗೆ ಕೊಟ್ಟಳು.

"ಈ ಗೆರೆಗಳು ನೆಟ್ಟಗಿವೆಯಾ ಹೇಳು ಮುದುಕಾ."

"ನೆಟ್ಟಗಿವೆ."

"ನನಗಿಲ್ಲ. ಆಗಸ್ಟಿಂದ ಇಲ್ಲ."

ಟಿ.ವಿ.ಯಲ್ಲಿ ತುತ್ತೂರಿಯವರು ಬಂದಿದ್ದರು. ಚಪ್ಪಾಳೆ ತಟ್ಟುತ್ತಿದ್ದ ಇವೆಟ್‌ಳ ಕೈ ಹಾಗೇ ನಿಂತಿತು. ಎವಾರಿಸ್ಟೊ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದ.

"ಯಾಕೆ ಹೇಳ್ಲಿಲ್ಲ ಕಣೇ?"

"ನಿನ್ನ ಯಂತ್ರ ನಿಂತುಹೋಗುತ್ತೆ ಅಂತ."

ಅವನು ಸೂಜಿ ಚುಚ್ಚಿ ಚುಚ್ಚಿ ಗಂಟುಕಟ್ಟಿದ್ದ ತೋಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ. ಅವನ ಕಣ್ಣಲ್ಲಿ ನೀರಿತ್ತು, ಭಯವೂ ಇತ್ತು. ಯಂತ್ರ ನಿಲ್ಲುವುದೆಂದರೆ ಏನು ಎಂದು ಆ ಕೋಣೆಯಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಪಕ್ಕದ ಮೇಜಿನಿಂದ ಫೋನೆತ್ತಿ ಅವಳ ಕಡೆ ಚಾಚಿದ.

"ನನ್ನ ಉಳಿಸೋಕೆ ಮಗೂನ ಪಣಕ್ಕಿಡಬೇಡ. ಮಾಡು ಫೋನು. ಮಿಕ್ಕಿದ್ದು ನಾಳೆ ಹೆದರೋಣ, ಇಬ್ರೂ ಕೂತು."

ಅಂಕಿಗಳು ಕಾಣಲಿಲ್ಲ. ಬೆರಳಿಗೆ ನೆನಪಿತ್ತು. ಬಂಡಿ ಶೆಡ್ಡಿನಲ್ಲಿ ಫೋನೆತ್ತಿದವನು ಎಫ್ರೈನ್. ಅವಳು ಎರಡು ಮಾತು ಹೇಳಿದಳು. ಆ ಕಡೆಯಿಂದ ಉಸಿರು ಬಿಟ್ಟ ಸದ್ದು ಕೇಳಿಸಿತು, ಹದಿನೆಂಟು ದಿನದಿಂದ ಹಿಡಿದಿಟ್ಟಿದ್ದವನ ಹಾಗೆ.

"ದೇವರು ದೊಡ್ಡವನು ಕಣೇ ಕುಳ್ಳಿ," ಎಂದ. "ಮೇಲಿನವರಿಗೆ ನಾನೂ ನಿನ್ನ ಜೊತೆ ಬಂದು ಹೇಳ್ತೀನಿ."

ಫೋನಿಟ್ಟಾಗ ಯಾರಿತ್ಸಾ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ದೊಡ್ಡವರ ಮಾತು ಅವಳಿಗೆ ಅರ್ಧ ಅರ್ಥವಾಗಿತ್ತು.

"ಇವತ್ತು ಮನೆ ಬೇರೆಯವ್ರು ಓಡಿಸ್ತಾರಾ?"

"ಹೂಂ."

"ಅವ್ರು ನನ್ನ ಹತ್ರ ಬರ್ತಾರಾ?"

"ಇಲ್ಲ ಪುಟ್ಟಾ," ಎಂದಳು ನೆರೈಡಾ, ಮಗುವಿನ ಎರಡೂ ಮೊಣಕಾಲಿನ ಮೇಲೆ ಕೈಯಿಟ್ಟು. "ಅವ್ರು ನೆಟ್ಟಗೆ ಹೋಗ್ತಾರೆ."